ಊಟಕ್ಕೆ ಬಾರದವರ ಲೆಕ್ಕ

2025ರ ಜುಲೈ 25ರಂದು ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿಗಳನ್ನು ಹೊರಡಿಸಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯಲ್ಲಿ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು ಎಂಬುದು ಅವುಗಳಲ್ಲೊಂದು. ಚೆನ್ನೈನಲ್ಲಿ ನೆಲೆಸಿರುವ ನನ್ನ ವಯಸ್ಸಿನ ಕನ್ನಡಿಗರ ನಡುವೆ ಈ ಸುದ್ದಿ ಎಬ್ಬಿಸಿದ ಮಾತು ಒಂದೇ: ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಊರು ಬಿಟ್ಟು ಬಂದೆವು, ತಮಿಳು ಕಲಿತೆವು, ಅರೆಹೊಟ್ಟೆ ಉಂಡೆವು, ಯಾರ ಹತ್ತಿರವೂ ಕೌನ್ಸೆಲಿಂಗ್ ಎಂದು ಹೋಗಲಿಲ್ಲ. ಹೀಗೆನ್ನುವವರು ಕಟುಕರಲ್ಲ. ತಾವು ಪಟ್ಟ ಪಾಡಿನ ಬಗ್ಗೆ ಅವರಿಗೆ ಸಹಜವಾದ ಹೆಮ್ಮೆಯಿದೆ. ಆದರೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ 1970ರ ದಶಕದ ಕೊನೆಯ ಮದ್ರಾಸು ನನ್ನ ಕಣ್ಣ ಮುಂದೆ ಬರುತ್ತದೆ, ಅವರು ಹೇಳುವುದಕ್ಕಿಂತ ಬೇರೆಯಾಗಿಯೇ ಬರುತ್ತದೆ. ಅಂದೂ ಆತಂಕವಿತ್ತು. ಅದನ್ನು ಗಮನಿಸುವ ಜನ ಇದ್ದರು, ಅದಕ್ಕೇನು ಮಾಡಬೇಕೆಂಬ ತಿಳಿವಳಿಕೆ ಇರಲಿಲ್ಲ. ಇಂದು ತಿಳಿವಳಿಕೆ ಬಂದಿದೆ, ಗಮನಿಸುವವರು ಚದುರಿಹೋಗಿದ್ದಾರೆ. ಇವೆರಡನ್ನೂ ಒಂದೆಡೆ ತರದೆ ನಮ್ಮ ಮಕ್ಕಳಿಗೆ ನೆರವು ಸಿಕ್ಕುವುದಿಲ್ಲ ಎಂಬುದು ನನ್ನ ವಾದ.

ಕರಾವಳಿಯ ಕನ್ನಡಿಗರಿಗೆ ಮದ್ರಾಸು ಪರಸ್ಥಳವಾಗಿರಲಿಲ್ಲ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಅದೇ ರಾಜ್ಯಕ್ಕೆ ಸೇರಿತ್ತು. ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಆರಂಭಿಸಿದ ಮೇಲಂತೂ ಉಡುಪಿಯ ಕಡೆಯ ಹುಡುಗರಿಗೆ ಈ ನಗರದ ದಾರಿ ಚೆನ್ನಾಗಿಯೇ ಸವೆದಿತ್ತು. ರಾಜ್ಯ ಬೇರೆಯಾದ ಮೇಲೂ ಆ ಹರಿವು ನಿಲ್ಲಲಿಲ್ಲ. ಹೋಟೆಲಿಗೆ, ಬ್ಯಾಂಕಿಗೆ, ಕೋಡಂಬಾಕ್ಕಂನ ಸ್ಟುಡಿಯೋಗಳಿಗೆ, ಟೈಪಿಂಗ್ ಶಾರ್ಟ್‌ಹ್ಯಾಂಡ್ ಕಲಿತವರು ಕಂಪನಿಗಳಿಗೆ ಬರುತ್ತಲೇ ಇದ್ದರು. ಮದುವೆಯಾಗದ ಗಂಡಸರಿಗೆ ತಿರುವಲ್ಲಿಕ್ಕೇಣಿಯ ಮ್ಯಾನ್ಷನ್‌ಗಳೇ ಮನೆ. ಒಂದು ಕೋಣೆಯಲ್ಲಿ ಮೂರೋ ನಾಲ್ಕೋ ಮಂಚ, ಒಂದೇ ಫ್ಯಾನು, ಮಹಡಿಯ ಕೊನೆಯಲ್ಲಿ ಎಲ್ಲರಿಗೂ ಸೇರಿ ಸ್ನಾನದ ಮನೆ, ತಾರಸಿಯ ಹಗ್ಗದ ಮೇಲೆ ಹತ್ತು ಜನರ ಬನಿಯನ್ನು. ಒಬ್ಬನ ಕಾಗದವನ್ನು ಇನ್ನೊಬ್ಬ ಓದುತ್ತಿದ್ದ. ಸಂಬಳ ಯಾವತ್ತು ಬಂತು, ಊರಿಗೆ ಎಷ್ಟು ಮನಿಯಾರ್ಡರ್ ಹೋಯಿತು, ಯಾರಿಗೆ ನಿದ್ದೆ ಬರುತ್ತಿಲ್ಲ ಎನ್ನುವುದೆಲ್ಲ ಆ ಕೋಣೆಗೆ ಗೊತ್ತಿರುತ್ತಿತ್ತು. ಯಾವುದನ್ನೂ ಮುಚ್ಚಿಡಲು ಜಾಗವಿಲ್ಲದ ಆ ಬದುಕು ಕಿರಿಕಿರಿಯದೂ ಹೌದು, ಆಸರೆಯದೂ ಹೌದು.

ಈ ಆಸರೆಯ ನಡುಗಂಬ ಮೆಸ್ಸು. ತಿಂಗಳ ಊಟದ ಟಿಕೆಟ್ಟು ಹರಿದುಕೊಳ್ಳುವ ಮೇಜಿನ ಹಿಂದೆ ಕೂತವರಿಗೆ ಪ್ರತಿಯೊಬ್ಬ ಗಿರಾಕಿಯ ಮುಖ ಪರಿಚಯವಿರುತ್ತಿತ್ತು. ಎರಡು ಹೊತ್ತು ಬಾರದಿದ್ದರೆ ಪಕ್ಕದ ಮಂಚದವನನ್ನು ಕೇಳುತ್ತಿದ್ದರು: "ಎಲ್ಲಿ ಮಾರಾಯ, ನಿನ್ನ ಜೊತೆಯವ? ಜ್ವರವಾ?" ಕಚೇರಿಗಳಲ್ಲಿ ಹೊಸಬನನ್ನು ಮೊದಲ ಕೆಲವು ತಿಂಗಳು ಜೊತೆಗೇ ಊಟಕ್ಕೆ ಕರೆದೊಯ್ಯುವ ಹಿರಿಯ ಗುಮಾಸ್ತರೊಬ್ಬರು ಇದ್ದೇ ಇರುತ್ತಿದ್ದರು. ಭಾನುವಾರ ಕನ್ನಡದ ಸಂಘಗಳಲ್ಲಿ ಮುಖ ಕಾಣಿಸದಿದ್ದವನ ಮನೆಗೆ ಯಾರಾದರೂ ಹೋಗಿ ನೋಡಿಬರುತ್ತಿದ್ದರು. ಇದನ್ನು ಯಾರೂ ಸೇವೆ ಎಂದುಕೊಳ್ಳಲಿಲ್ಲ, ಯಾರಿಗೂ ಇದಕ್ಕೆ ಸಂಬಳವಿರಲಿಲ್ಲ. ಆದರೆ ಇದರ ಬೆಲೆ ದೊಡ್ಡದು. ಮನಸ್ಸು ಕುಗ್ಗಿದವನು ತಾನಾಗಿ ಬಾಯಿ ಬಿಡುವವರೆಗೆ ಅಲ್ಲಿ ಯಾರೂ ಕಾಯುತ್ತಿರಲಿಲ್ಲ. ಅವನು ಊಟಕ್ಕೆ ಬಾರದಿರುವುದೇ ಸಾಕಾಗಿತ್ತು. ಇಷ್ಟನ್ನು ಪ್ರೀತಿಯಿಂದಲೇ ನೆನೆಯುತ್ತೇನೆ. ನಮ್ಮ ತಲೆಮಾರು ಗಟ್ಟಿಯಾಗಿ ನಿಂತಿದ್ದರೆ ಅದರಲ್ಲಿ ನಮ್ಮ ಮನೋಬಲಕ್ಕೆ ಎಷ್ಟು ಪಾಲಿದೆಯೋ ಈ ಜನರಿಗೂ ಅಷ್ಟೇ ಪಾಲಿದೆ.

ಆದರೆ ಪ್ರೀತಿಯ ಜೊತೆಗೆ ಸತ್ಯವನ್ನೂ ಹೇಳಬೇಕು. ಆ ಗಮನಕ್ಕೆ ಎಲ್ಲರೂ ಬೀಳುತ್ತಿರಲಿಲ್ಲ. ಮ್ಯಾನ್ಷನ್ನು, ಮೆಸ್ಸು ಗಂಡಸರ ಲೋಕ. ಕೆಲಸಕ್ಕೆಂದು ಬಂದ ಹೆಣ್ಣುಮಕ್ಕಳು ಹಾಸ್ಟೆಲಿನ ಗೇಟಿನೊಳಗೆ ಏನನ್ನು ನುಂಗಿಕೊಂಡರೆಂದು ಹೊರಗಿನವರಿಗೆ ತಿಳಿಯಲೇ ಇಲ್ಲ. ಜಾತಿಯ ಪರಿಚಯದ ಮೇಲೆ ನಡೆಯುತ್ತಿದ್ದ ಕೋಣೆಗಳಲ್ಲಿ ಪರಿಚಯವಿಲ್ಲದವನಿಗೆ ಮಂಚವೇ ಸಿಗುತ್ತಿರಲಿಲ್ಲ. ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹನ್ನೆರಡು ಹದಿಮೂರರ ಹುಡುಗರು ಅಂಗಡಿ ಮುಚ್ಚಿದ ಮೇಲೆ ಅದೇ ನೆಲದ ಮೇಲೆ ಮಲಗುತ್ತಿದ್ದರು. ಅವರ ಬೆಚ್ಚಿಬೀಳುವಿಕೆಗೆ, ಹಾಸಿಗೆ ಒದ್ದೆ ಮಾಡಿಕೊಳ್ಳುವಿಕೆಗೆ ಸಿಕ್ಕ ಚಿಕಿತ್ಸೆ ಬೈಗುಳ. ಗಮನಕ್ಕೆ ಬಿದ್ದವರ ಗತಿಯೂ ಅಷ್ಟೇನೂ ಉತ್ತಮವಾಗಿರಲಿಲ್ಲ. ಎದೆ ಡವಡವ ಎಂದರೆ ಗ್ಯಾಸಿನ ಔಷಧಿ, ನಿದ್ದೆ ಬಾರದಿದ್ದರೆ ಊರಿಗೆ ಕರೆದೊಯ್ದು ತಾಯತ, ಒಂದು ವರ್ಷವಾದರೂ ಹೋಗದಿದ್ದರೆ ಮದುವೆ. ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಒಂದು ಮಾತು ಎಷ್ಟು ಗಂಡಸರ, ಅವರಿಗಿಂತ ಹೆಚ್ಚಾಗಿ ಎಷ್ಟು ಹೆಂಗಸರ ಬದುಕನ್ನು ಹಾಳುಮಾಡಿತು ಎಂಬುದರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಕಾಯಿಲೆ ಮೊದಲಿನಂತೆಯೇ ಉಳಿಯುತ್ತಿತ್ತು, ಅದನ್ನು ಹೊರುವವರು ಇಬ್ಬರಾಗುತ್ತಿದ್ದರು.

ಹಿಂದೆ ಎಲ್ಲ ನೆಮ್ಮದಿಯಾಗಿತ್ತು ಎಂಬ ನಂಬಿಕೆಗೆ ಎದುರಾಗಿ ನಿಲ್ಲುವ ಗಟ್ಟಿ ಪುರಾವೆಯೊಂದು ಚೆನ್ನೈನ ಹತ್ತಿರದಲ್ಲೇ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಪಕ್ಕದ ಕಣಿಯಂಬಾಡಿಯ ಹಳ್ಳಿಗಳಲ್ಲಿ 1992ರಿಂದ 2001ರವರೆಗೆ ಪ್ರತಿಯೊಂದು ಸಾವಿನ ಕಾರಣವನ್ನೂ ಮನೆಮನೆಗೆ ಹೋಗಿ ವಿಚಾರಿಸಿದರು. 10ರಿಂದ 19 ವರ್ಷದವರ ಬಗ್ಗೆ ಅವರಿಗೆ ಕಂಡದ್ದು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆತ್ಮಹತ್ಯೆಯ ಪ್ರಮಾಣ ವರ್ಷಕ್ಕೆ ಒಂದು ಲಕ್ಷ ಹುಡುಗಿಯರಲ್ಲಿ 148, ಒಂದು ಲಕ್ಷ ಹುಡುಗರಲ್ಲಿ 58. ಮೊಬೈಲು ಕೈಗೆ ಬರುವ ಮೊದಲಿನ ಕಾಲ ಅದು. ಕೂಡುಕುಟುಂಬ, ದೇವಸ್ಥಾನ, ಊರ ಹಿರಿಯರು ಎಲ್ಲ ಇದ್ದ ಹಳ್ಳಿಗಳು ಅವು. ಆ ಮಕ್ಕಳ ಸಂಕಟ ಹೊಸದಾಗಿರಲಿಲ್ಲ, ಅದನ್ನು ಎಣಿಸಿದ್ದು ಹೊಸದು. ಮನೋವೈದ್ಯಶಾಸ್ತ್ರದಲ್ಲೂ ಪ್ಯಾನಿಕ್ ಕಾಯಿಲೆ, ಸದಾ ಕಾಡುವ ಆತಂಕದ ಕಾಯಿಲೆ ಎಂಬ ಬೇರೆಬೇರೆ ವಿಭಾಗಗಳು ಅಮೆರಿಕದ ಕೈಪಿಡಿಯಲ್ಲಿ ಬಂದದ್ದು 1980ರಲ್ಲಿ. ಅದಕ್ಕೂ ಮುಂಚಿನ ಮದ್ರಾಸಿನಲ್ಲಿ ಆತಂಕದವರು ಎಲ್ಲಿದ್ದರು ಎಂದು ಕೇಳಿದರೆ, ಹೊಟ್ಟೆಯ ಡಾಕ್ಟರರ ಸಾಲಿನಲ್ಲಿದ್ದರು, ಕಳ್ಳಸಾರಾಯಿಯ ಅಡ್ಡೆಯಲ್ಲಿದ್ದರು, ಹೇಳದೆ ಕೇಳದೆ ಊರಿಗೆ ಮರಳಿ ಮತ್ತೆ ಮನೆ ಬಿಟ್ಟು ಹೊರಡದವರಲ್ಲಿ ಇದ್ದರು.

ಹಾಗಾದರೆ ಈಗ ಏನೂ ಹೆಚ್ಚಾಗಿಲ್ಲವೇ? ಹೆಚ್ಚಾಗಿದೆ. ಕೊರೋನಾದ ಮೊದಲ ವರ್ಷದಲ್ಲೇ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ ಸುಮಾರು 25 ಪ್ರತಿಶತ ಏರಿತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. 2021ರಲ್ಲಿ ಆತಂಕದ ಕಾಯಿಲೆಯಿದ್ದವರು 35.9 ಕೋಟಿ ಎಂಬುದು ಅದರದೇ ಅಂದಾಜು. ಚೆನ್ನೈನಲ್ಲಿ ಇದರ ಕಾರಣಗಳು ಕಣ್ಣಿಗೇ ಕಾಣುತ್ತವೆ. 2000ದಲ್ಲಿ ಟೈಡೆಲ್ ಪಾರ್ಕ್ ಎಂಬ ಐಟಿ ಸಂಕೀರ್ಣ ಬಂದ ಮೇಲೆ ಪೆರುಂಗುಡಿಯಿಂದ ಸಿರುಸೇರಿಯವರೆಗೆ ಹಳೆಯ ಮಹಾಬಲಿಪುರಂ ರಸ್ತೆಯುದ್ದಕ್ಕೂ ಬೇರೊಂದು ನಗರವೇ ಎದ್ದಿತು. ಅಮೆರಿಕದ ಗಡಿಯಾರಕ್ಕೆ ಹೊಂದಿಕೊಂಡ ಪಾಳಿ, ಓದಿಗಾಗಿ ಮಾಡಿದ ಸಾಲದ ಕಂತು, ಪ್ರಾಜೆಕ್ಟ್ ಇಲ್ಲದೆ ಬೆಂಚಿನ ಮೇಲೆ ಕೂತವರ ದಿಗಿಲು, ಕೆಲಸ ಹೋಯಿತೆಂಬ ಮೇಲ್ ಯಾವಾಗ ಬರುತ್ತದೋ ಎಂಬ ಭಯ, ಇವೆಲ್ಲ ಇಪ್ಪತ್ತಮೂರು ಇಪ್ಪತ್ತನಾಲ್ಕರ ಮಕ್ಕಳ ತಲೆಯ ಮೇಲಿವೆ. ಅದಕ್ಕಿಂತ ಚಿಕ್ಕವರಿಗೆ ನೀಟ್, ಜೆಇಇ, ಪಾಸಾಗದೆ ಉಳಿದ ವಿಷಯಗಳ ಅರಿಯರ್ಸ್. ವಾಸಕ್ಕೆ ಪಿಜಿಯ ಒಂಟಿ ಕೋಣೆ, ಊಟ ಆ್ಯಪಿನ ಮೂಲಕ ಬಾಗಿಲಿಗೆ. ಎರಡು ದಿನ ಉಣ್ಣದಿದ್ದರೂ ಕೇಳುವವರಿಲ್ಲ. ಊರಿನಿಂದ ಫೋನು ಬಂದರೆ "ಚೆನ್ನಾಗಿದ್ದೀನಮ್ಮ" ಎಂದರೆ ಮುಗಿಯಿತು. ಅಂದಿನವನಿಗೆ ಸಿಗದಿದ್ದ ಏಕಾಂತ ಇಂದಿನವರಿಗೆ ಸಿಕ್ಕಿದೆ, ಅದರ ಜೊತೆಗೆ ಆಸರೆಯೂ ಹೋಗಿದೆ.

ಇಲ್ಲಿ ಆತಂಕದ ಒಂದು ಗುಣವನ್ನು ತಿಳಿದಿರಬೇಕು. ಅದು ತನ್ನ ಮದ್ದಿನಿಂದಲೇ ಮನುಷ್ಯನನ್ನು ದೂರವಿಡುತ್ತದೆ. ಭಯ ಹುಟ್ಟಿಸುವ ಜಾಗ, ಜನ, ಫೋನು, ಪರೀಕ್ಷೆ ಎಲ್ಲವನ್ನೂ ತಪ್ಪಿಸಿಕೊಳ್ಳುವಂತೆ ಮಾಡುತ್ತದೆ. ತಪ್ಪಿಸಿಕೊಂಡ ಕ್ಷಣಕ್ಕೆ ಹಾಯೆನಿಸುತ್ತದೆ, ಮರುದಿನ ಅದೇ ಭಯ ಇಮ್ಮಡಿಸುತ್ತದೆ. ಅಪರಿಚಿತರಿಗೆ ಫೋನು ಮಾಡುವುದೇ ಭಯವಾಗಿರುವವರಿಗೆ ಫೋನು ಮಾಡಿ ನೆರವು ಕೇಳಿ ಎಂದಷ್ಟೇ ಹೇಳಿದರೆ ಏನು ಬಂತು? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ತಮಿಳುನಾಡೂ ಸೇರಿದಂತೆ 12 ರಾಜ್ಯಗಳನ್ನು ನೋಡಲಾಯಿತು. ಕಾಯಿಲೆಗೆ ತಕ್ಕಂತೆ 100ರಲ್ಲಿ 70ರಿಂದ 92 ಮಂದಿ ಚಿಕಿತ್ಸೆಯಿಲ್ಲದೆ ಇದ್ದರು. ಇದಕ್ಕೆ ಅಜ್ಞಾನ, ಬಡತನ, ನಾಚಿಕೆ ಎಲ್ಲ ಕಾರಣ ನಿಜ. ಆದರೆ ನೆರವೆಂಬುದು ಕಾಯಿಲೆಯವನೇ ಎದ್ದು ಬಂದು ಬಾಗಿಲು ತಟ್ಟಲಿ ಎಂದು ಕಾಯುತ್ತ ಕೂತಿರುವುದೂ ಅಷ್ಟೇ ದೊಡ್ಡ ಕಾರಣ.

ಸಣ್ಣಪುಟ್ಟ ಅಂಜಿಕೆಗೂ ಕಾಯಿಲೆಯ ಹೆಸರು ಕೊಟ್ಟು ಮಕ್ಕಳನ್ನು ದುರ್ಬಲರನ್ನಾಗಿ ಮಾಡುತ್ತಿದ್ದೀರಿ ಎಂಬ ಆಕ್ಷೇಪವಿದೆ. ಇದರಲ್ಲಿ ಹುರುಳಿದೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡುವುದು, ಸಂದರ್ಶನದಲ್ಲಿ ನಾಲಿಗೆ ಒಣಗುವುದು ಕಾಯಿಲೆಯಲ್ಲ. ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋ ನೋಡಿ ತನಗೆ ಇಂಥದೇ ಕಾಯಿಲೆ ಎಂದು ನಿರ್ಧರಿಸಿಕೊಳ್ಳುವುದೂ ಒಳ್ಳೆಯದಲ್ಲ. ಆದರೆ ವೈದ್ಯರು ಈ ಗೆರೆಯನ್ನು ಎಳೆದೇ ಇದ್ದಾರೆ. ಸದಾ ಕಾಡುವ ಆತಂಕದ ಕಾಯಿಲೆ ಎನ್ನಬೇಕಾದರೆ ತಿಂಗಳುಗಟ್ಟಲೆ, ಅಮೆರಿಕದ ಆ ಕೈಪಿಡಿಯ ಪ್ರಕಾರ ಈಗ ಆರು ತಿಂಗಳು, ಹೆಚ್ಚಿನ ದಿನಗಳಲ್ಲಿ ಅದು ಇರಬೇಕು. ನಿದ್ದೆ, ಕೆಲಸ, ಓದು, ಒಡನಾಟ ಕೆಟ್ಟಿರಬೇಕು. ಅಲ್ಲಿಗೆ ಮುಟ್ಟದವರಿಗೆ ಬೇಕಿರುವುದು ಮಾತ್ರೆಯಲ್ಲ, ಕೂತು ಕೇಳುವ ಒಬ್ಬರು. ಮುಟ್ಟಿದವರಿಗೆ ಬೇಕಿರುವುದು ಉಪದೇಶವಲ್ಲ, ಚಿಕಿತ್ಸೆ. ಮುಂಚೆಯೇ ಗಮನಿಸಿದರೆ ಮೊದಲ ಗುಂಪಿನವರು ಎರಡನೆಯ ಗುಂಪಿಗೆ ಜಾರುವುದು ಎಷ್ಟೋ ಮಟ್ಟಿಗೆ ತಪ್ಪುತ್ತದೆ. ಹೆಸರಿಡಬಾರದು ಎನ್ನುವವರು ನಿಜಕ್ಕೂ ಕೇಳಬೇಕಾದದ್ದು ಇಂಥ ಆರಂಭದ ಗಮನವನ್ನೇ.

ಚಿಕಿತ್ಸೆಯ ಮಾತೆತ್ತಿದರೆ ಚೆನ್ನೈನವರ ಮನಸ್ಸಿಗೆ ಮೊದಲು ಬರುತ್ತಿದ್ದದ್ದು ಕೀಳ್ಪಾಕ್ಕಂ. ಧಾರವಾಡಕ್ಕೆ ಕಳಿಸಬೇಕು ಎಂದು ನಮ್ಮ ಕಡೆ ಹಂಗಿಸುವಂತೆಯೇ ಇಲ್ಲಿ ಆ ಬಡಾವಣೆಯ ಹೆಸರು ಬೈಗುಳವಾಗಿತ್ತು. 1794ರಲ್ಲಿ ಮದ್ರಾಸಿನಲ್ಲಿ ಶುರುವಾದ ಹುಚ್ಚಾಸ್ಪತ್ರೆ 1871ರಲ್ಲಿ ಅಲ್ಲಿಗೆ ಬಂದಿತ್ತು. ಎತ್ತರದ ಗೋಡೆಯ ಆ ಆವರಣವನ್ನು ಬದಲಿಸಲು ಬದುಕನ್ನೇ ಕೊಟ್ಟವರು 1923ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್. ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ ಮನೋವೈದ್ಯ ತರಬೇತಿ ಪಡೆದು, ದೇಶದ ಮೊದಲ ಮಹಿಳಾ ಮನೋವೈದ್ಯರೆನಿಸಿ, ಕೀಳ್ಪಾಕ್ಕಂ ಆಸ್ಪತ್ರೆಯನ್ನು ದೀರ್ಘಕಾಲ ಮುನ್ನಡೆಸಿ 1978ರಲ್ಲಿ ನಿವೃತ್ತರಾದರು. ಮನೋವೈದ್ಯರು ಜಿಲ್ಲಾ ಆಸ್ಪತ್ರೆಗಳಲ್ಲೂ ಸಿಗಬೇಕೆಂದು ಶ್ರಮಿಸಿದರು. 1984ರಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಿಗಾಗಿ ಅವರು ಕಟ್ಟಿದ ಸ್ಕಾರ್ಫ್ ಸಂಸ್ಥೆ ಇಂದಿಗೂ ಕೆಲಸ ಮಾಡುತ್ತಿದೆ. ಆದರೂ ಹಳೆಯ ಭಯ ಪೂರ್ತಿ ಹೋಗಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳ ಖಾಸಗಿ ಆಶ್ರಯಧಾಮದಲ್ಲಿ ಸರಪಳಿಯಿಂದ ಕಟ್ಟಿಹಾಕಿದ್ದ 28 ಮಂದಿ ಬೆಂಕಿಗೆ ಸಿಕ್ಕಿ ಸತ್ತಾಗ, ಮನಸ್ಸಿನ ಕಾಯಿಲೆಯವರನ್ನು ನಾವು ಹೇಗೆ ಕಾಣುತ್ತೇವೆಂದು ದೇಶಕ್ಕೇ ಗೊತ್ತಾಯಿತು. ಅಂಥ ನೆನಪುಗಳಿರುವ ಊರಿನಲ್ಲಿ ಆತಂಕದ ಹುಡುಗಿಯೊಬ್ಬಳು ಮನೋವೈದ್ಯರ ಬೋರ್ಡಿನ ಕೆಳಗೆ ಕೂರಲು ಹಿಂಜರಿದರೆ ಅವಳ ತಪ್ಪಲ್ಲ. ಹಾಗೆ ಹಿಂಜರಿದವರು ಮೆಡಿಕಲ್ ಶಾಪಿಗೆ ಹೋಗುತ್ತಾರೆ. ಆಲ್ಪ್ರಜೋಲಾಂ ಮಾತ್ರೆಯನ್ನು ಚೀಟಿಯಿಲ್ಲದೆ ಮಾರಬಾರದೆಂದು ಕಾನೂನಿದ್ದರೂ, ಯಾರೋ ಕೊಟ್ಟ ಅರ್ಧ ಮಾತ್ರೆಯಿಂದ ಶುರುವಾದದ್ದು ಚಟವಾಗುತ್ತದೆ. ಸರಿಯಾದ ಚಿಕಿತ್ಸೆಯಲ್ಲಿ ಅಂಥ ತಕ್ಷಣದ ಹಾಯಿ ಇಲ್ಲ. ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆಗೆ ವಾರಗಳು ಬೇಕು, ಅಗತ್ಯವಿದ್ದವರಿಗೆ ಕೊಡುವ ಔಷಧಿ ಪರಿಣಾಮ ತೋರಲೂ ಕೆಲವು ವಾರ ಬೇಕು. ಇದನ್ನು ಮೊದಲೇ ಹೇಳದ ಕಾರಣ ಎಷ್ಟೋ ಮಂದಿ ನಡುವೆಯೇ ಬಿಟ್ಟುಬಿಡುತ್ತಾರೆ.

ಗಮನಿಸುವ ಕೆಲಸವನ್ನು ಮತ್ತೆ ಕಟ್ಟಬಹುದು ಎಂಬುದಕ್ಕೆ ಇದೇ ನಗರ ಸಾಕ್ಷಿ. 1986ರಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಇಲ್ಲಿ ಸ್ನೇಹಾ ಎಂಬ ಆತ್ಮಹತ್ಯಾ ತಡೆ ಕೇಂದ್ರ ಆರಂಭಿಸಿದರು. ಅದರ ಬಲ ಸ್ವಯಂಸೇವಕರು. ತೀರ್ಪು ಕೊಡದೆ, ಗುಟ್ಟು ಬಿಡದೆ ಕೇಳಿಸಿಕೊಳ್ಳುವುದನ್ನು ತರಬೇತಿಯಿಂದ ಕಲಿತ ಸಾಮಾನ್ಯ ಜನ. ಆ ಕೇಂದ್ರದ ಒತ್ತಾಯದಿಂದಲೂ ಬೆಳೆದ ಒಂದು ಸುಧಾರಣೆ ಇನ್ನೂ ಮುಖ್ಯವಾದದ್ದು: ಬೋರ್ಡ್ ಪರೀಕ್ಷೆಯಲ್ಲಿ ಫೇಲಾದವರು ಒಂದು ವರ್ಷ ಕಳೆದುಕೊಳ್ಳದೆ ಕೆಲವೇ ವಾರಗಳಲ್ಲಿ ಮತ್ತೆ ಬರೆಯಬಹುದು ಎಂಬ ತಮಿಳುನಾಡಿನ ಏರ್ಪಾಡು. ಇದರಿಂದ ಜೀವಗಳು ಉಳಿದಿವೆ ಎಂದು ಡಾ. ಲಕ್ಷ್ಮೀ ಹೇಳುತ್ತ ಬಂದಿದ್ದಾರೆ. 2017ರಲ್ಲಿ ಆ ರಾಜ್ಯ ಬೋರ್ಡ್ ಫಲಿತಾಂಶದ ರ‍್ಯಾಂಕ್ ಪಟ್ಟಿಯನ್ನೇ ನಿಲ್ಲಿಸಿತು. ಕರ್ನಾಟಕದಲ್ಲೂ ಈಗ ಎಸ್ಸೆಸ್ಸೆಲ್ಸಿಗೆ, ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. 2021ರಲ್ಲಿ ನೀಟ್ ಬರೆದ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ತಮಿಳುನಾಡು ಸರಕಾರವೇ 104 ಸಹಾಯವಾಣಿಯ ಮೂಲಕ ಫೋನು ಮಾಡಿ ಮಾತಾಡಿಸಲು ಹೊರಟದ್ದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಅಂದು ಮೆಸ್ಸಿನ ಮೇಜಿನ ಹಿಂದೆ ಕೂತವರು ಮಾಡುತ್ತಿದ್ದದ್ದನ್ನು ಒಂದು ಸರಕಾರ, ಜಾತಿ ಭಾಷೆ ಕೇಳದೆ, ಹೆಣ್ಣು ಗಂಡೆನ್ನದೆ ಮಾಡಿತು.

ಇಷ್ಟು ಜನರಿಗೆ ಡಾಕ್ಟರರನ್ನು ಎಲ್ಲಿಂದ ತರುತ್ತೀರಿ ಎಂಬ ಪ್ರಶ್ನೆ ಸರಿಯಾದದ್ದೇ. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಪೂರ್ತಿ ಇಲ್ಲ. ಖಾಸಗಿ ಆಪ್ತಸಮಾಲೋಚನೆಯ ಒಂದು ಗಂಟೆಗೆ ಚೆನ್ನೈನಲ್ಲಿ ಸಾವಿರ ರೂಪಾಯಿಗೂ ಮೇಲೆ ಕೊಡುವುದು ಸಾಮಾನ್ಯ. ಮೊದಲ ಸಂಬಳದವರಿಗೆ ಇದು ಎಟುಕುವುದಿಲ್ಲ. ಆದರೆ ಮೊದಲ ಹೆಜ್ಜೆಗೆ ಡಾಕ್ಟರರೇ ಬೇಕಿಲ್ಲ. ಜಿಂಬಾಬ್ವೆಯಲ್ಲಿ ಡಾ. ಡಿಕ್ಸನ್ ಚಿಬಾಂಡ 2006ರಲ್ಲಿ ಬಡಾವಣೆಯ ಅಜ್ಜಿಯರಿಗೆ ತರಬೇತಿ ಕೊಟ್ಟು ಆಸ್ಪತ್ರೆಯ ಅಂಗಳದ ಮರದ ಬೆಂಚಿನ ಮೇಲೆ ಕೂರಿಸಿದರು. ಹರಾರೆಯ 24 ಚಿಕಿತ್ಸಾಲಯಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಆ ಬೆಂಚಿನ ಮೇಲೆ ಕೂತು ಮಾತಾಡಿದವರ ಆತಂಕ, ಖಿನ್ನತೆ ಮಾಮೂಲು ಚಿಕಿತ್ಸೆ ಪಡೆದವರದಕ್ಕಿಂತ ಹೆಚ್ಚು ಇಳಿದದ್ದು 2016ರಲ್ಲಿ ಪ್ರಕಟವಾಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಕೂಡ ಇದೇ ಜಾಡಿನದು. 14416ಕ್ಕೆ ಫೋನು ಮಾಡಿದರೆ ಮೊದಲು ಆಪ್ತಸಮಾಲೋಚಕರು, ಅಗತ್ಯ ಬಿದ್ದರೆ ಮನೋವೈದ್ಯರು ಸಿಗುತ್ತಾರೆ. ಕನ್ನಡದಲ್ಲೂ ಮಾತಾಡಬಹುದು, ಹಣ ಕೊಡಬೇಕಿಲ್ಲ. 2025ರ ಹೊತ್ತಿಗೆ ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿದ್ದವು. ನೆರವು ಕೈಗೆಟುಕಿದರೆ ಜನ ಹಿಡಿಯುತ್ತಾರೆ.

ಇದಕ್ಕೆಲ್ಲ ಮನೆಯವರಿಲ್ಲವೇ, ದೇವರಿಲ್ಲವೇ ಎನ್ನುವವರಿಗೆ ನನ್ನ ಉತ್ತರ ಮೃದುವಾದದ್ದು. ಇದ್ದಾರೆ, ಇರಲಿ. ನಂಬಿಕೆಯಿಂದ ಎಷ್ಟೋ ಜನರಿಗೆ ಬಲ ಬಂದಿದೆ. ಆದರೆ ಮನೆಯೇ ಭಯದ ಮೂಲವಾದಾಗ, ಬೇಡದ ಮದುವೆಯ ಒತ್ತಾಯವೋ, ಅಂಕದ ಒತ್ತಾಯವೋ ಮನೆಯಿಂದಲೇ ಬಂದಾಗ ಮನೆಯ ಹೊರಗೊಂದು ಕಿವಿ ಬೇಕು. ಅಂಥ ಕಿವಿ ಇದ್ದರೆ ಮನೆಯವರ ಪ್ರೀತಿ ಕಡಿಮೆಯಾಗುವುದಿಲ್ಲ, ಅವರ ಭಾರ ಹಗುರವಾಗುತ್ತದೆ.

ಆದ್ದರಿಂದ ನನ್ನ ವಯಸ್ಸಿನವರಲ್ಲಿ ಒಂದು ವಿನಂತಿ. ಚೆನ್ನೈನಲ್ಲಿ ನಮ್ಮ ಕನ್ನಡದ ಸಂಘಗಳು ಇನ್ನೂ ಇವೆ, ಸಭಾಂಗಣಗಳಿವೆ, ಬಿಡುವಿರುವ ನಿವೃತ್ತರಿದ್ದಾರೆ. ರಾಜ್ಯೋತ್ಸವದ ಜೊತೆಗೆ ಇನ್ನೊಂದು ಕೆಲಸವನ್ನೂ ಹಮ್ಮಿಕೊಳ್ಳೋಣ. ಪ್ರತಿ ಸಂಘದಿಂದ ನಾಲ್ಕು ಜನ ಕೇಳಿಸಿಕೊಳ್ಳುವ ತರಬೇತಿ ಪಡೆಯಲಿ. ಓದಿಗೆ, ಕೆಲಸಕ್ಕೆ ಹೊಸದಾಗಿ ಬಂದ ಕನ್ನಡದ ಹುಡುಗ ಹುಡುಗಿಯರಿಗೆ ನಾವೇ ಫೋನು ಮಾಡೋಣ, ಊಟಕ್ಕೆ ಕರೆಯೋಣ, ಒಂದು ತಿಂಗಳ ನಂತರ ಮತ್ತೆ ವಿಚಾರಿಸೋಣ. ಹೆಚ್ಚಿನ ನೆರವು ಬೇಕೆನಿಸಿದವರ ಜೊತೆ ಡಾಕ್ಟರರ ಬಾಗಿಲವರೆಗೂ ಹೋಗೋಣ. ಊರಲ್ಲಿರುವ ತಂದೆತಾಯಿಗಳು ಊಟ ಆಯಿತಾ ಎಂದು ಕೇಳಿದ ಮೇಲೆ ನಿದ್ದೆ ಬರುತ್ತಿದೆಯಾ ಎಂದೂ ಕೇಳಲಿ, ಉತ್ತರ ಬರುವವರೆಗೆ ಸುಮ್ಮನೆ ಕಾಯಲಿ. ಕಾಲೇಜುಗಳು ಕೋರ್ಟು ಹೇಳಿದ ಆಪ್ತಸಮಾಲೋಚಕರನ್ನು ಹೆಸರಿಗೆ ನೇಮಿಸದೆ, ತರಗತಿಗೆ ಬಾರದವರನ್ನು ಹುಡುಕಿಕೊಂಡು ಹೋಗುವ ಕೆಲಸವನ್ನೇ ಅವರಿಗೆ ಕೊಡಲಿ. ಮೊದಲು ಹೋಗಬೇಕಾದವರು ನಾವು. ಆತಂಕದಲ್ಲಿರುವವರು ತಾವಾಗಿ ಬರಲಾರರು.